ರಜಸ್ಸೂತಕವೂ ಶಾಲೆಯ ಬಾಲಿಕೆಯರೂ



ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು 12ನೆಯ ಶತಮಾನದ ಶರಣರು ತಿರಸ್ಕರಿಸಿದರು. ಅಂಗದ ಮೇಲೆ ಸದಾ ಲಿಂಗವಿರಬೇಕಾದ ಮೇಲೆ ತಿಂಗಳಿಗೆ ಮೂರು ದಿನ ಸ್ತ್ರೀಯು ಅದರಿಂದ ದೂರವಿರುವ ಮಾತೆಲ್ಲಿಯದು? ನಮ್ಮ ಎಷ್ಟೋ ಮನೆಗಳು ಆಚರಣೆಯಲ್ಲಿ ಇದನ್ನು ಮರೆತವೆಂಬುದು ಬೇರೆ ಮಾತು.

ಆದರೆ ಸೂತಕವಿಲ್ಲವೆಂದ ಮಾತ್ರಕ್ಕೆ ಬಡ ಬಾಲಿಕೆಯ ಕಷ್ಟ ತೀರದು. ಹಳೆಯ ಸೀರೆಯ ತುಂಡೇ ಅವಳಿಗೆ ಆಸರೆ. ಅದನ್ನು ಒಗೆಯಲು ಸಾಬೂನು, ನೀರು ಬೇಕು; ಬಿಸಿಲಿನಲ್ಲಿ ಒಣಗಿಸಬೇಕು. ನಾಚಿಕೆಯಿಂದ ಅವಳು ಅದನ್ನು ಬೇರೆ ಬಟ್ಟೆಯ ಅಡಿಯಲ್ಲಿ ಮರೆಮಾಡುತ್ತಾಳೆ. ಅರೆ ಒಣಗಿದ ಬಟ್ಟೆಯೇ ಮತ್ತೆ ಮೈಗೆ. ಶಾಲೆಯ ಶೌಚಾಲಯಕ್ಕೆ ಬಾಗಿಲು, ನೀರು ಇಲ್ಲದಿದ್ದರೆ ಆ ದಿನಗಳ ಪಾಠವೂ ತಪ್ಪುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೂ 15ರಿಂದ 24 ವರ್ಷದ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿ ಬಟ್ಟೆಯನ್ನು ಬಳಸುತ್ತಿದ್ದರು.

ಕರ್ನಾಟಕ ಸರ್ಕಾರವು 2013–14ರಲ್ಲಿ ‘ಶುಚಿ’ ಯೋಜನೆಯ ಮೂಲಕ ಸರ್ಕಾರಿ ಶಾಲೆಗಳ ಬಾಲಿಕೆಯರಿಗೆ ನ್ಯಾಪ್‌ಕಿನ್‌ಗಳನ್ನು ಉಚಿತವಾಗಿ ವಿತರಿಸಲಾರಂಭಿಸಿತು. 2017ರ ಜುಲೈಯಲ್ಲಿ ದೇಶದಲ್ಲಿ ಜಿ.ಎಸ್.ಟಿ. ಜಾರಿಯಾದಾಗ ಇದೇ ವಸ್ತುವಿನ ಮೇಲೆ ಶೇ. 12 ತೆರಿಗೆ ಬಿದ್ದಿತು. ಕುಂಕುಮ, ಬಳೆಗಳಿಗೆ ಮಾತ್ರ ತೆರಿಗೆಯಿಲ್ಲ. ಸ್ತ್ರೀಯ ಅಲಂಕಾರ ಕಂಡ ಕಣ್ಣಿಗೆ ಅವಳ ಅಗತ್ಯ ಕಾಣಲಿಲ್ಲ! ವಿರೋಧದ ತರುವಾಯ 2018ರ ಜುಲೈಯಲ್ಲಿ ಆ ತೆರಿಗೆ ರದ್ದಾಯಿತು. ‘ಶುಚಿ’ಯ ವಿತರಣೆಯಾದರೋ ಕೋವಿಡ್ ಕಾಲದಲ್ಲಿ ನಿಂತುಹೋಗಿ, 2024ರಲ್ಲಿ ಮರುಚಾಲನೆ ಪಡೆಯಿತು. ಆ ನಡುವಿನ ವರ್ಷಗಳಲ್ಲಿ, ಕೊಳ್ಳಲಾಗದವರಿಗೆ ಉಳಿದದ್ದು ತಾಯಿಯ ಹಳೆಯ ಸೀರೆಯೇ.