ಗೋಣಿಕೊಪ್ಪಲಿನಲ್ಲಿ ಮನೆ ಮಾಡುವ ಮುನ್ನ ತಿಳಿಯಬೇಕಾದ ಸಂಗತಿಗಳು

ಗೋಣಿಕೊಪ್ಪಲು ದಕ್ಷಿಣ ಕೊಡಗಿನ ವ್ಯಾಪಾರ ಕೇಂದ್ರ. ಹಿಂದೆ ವಿರಾಜಪೇಟೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಪೊನ್ನಂಪೇಟೆ ತಾಲ್ಲೂಕಿನಲ್ಲಿದೆ. ಕಾಫಿ ಮತ್ತು ಕರಿಮೆಣಸಿನ ವಹಿವಾಟು, ಶಾಲಾ ಕಾಲೇಜುಗಳು, ಆಸ್ಪತ್ರೆಗಳು, ಕೃಷಿ ವಿಜ್ಞಾನ ಕೇಂದ್ರ, ಮೈಸೂರಿನಿಂದ ವಿರಾಜಪೇಟೆಗೆ ಹೋಗುವ ಬಸ್ಸುಗಳು, ಹೀಗೆ ಸಣ್ಣ ಪಟ್ಟಣವೊಂದರ ಸಂಸಾರಕ್ಕೆ ಬೇಕಾದ ಬಹುಪಾಲು ಸೌಕರ್ಯಗಳು ಇಲ್ಲಿವೆ. ನಿವೃತ್ತಿಯ ನಂತರ ತಂಪಾದ ಊರಿನಲ್ಲಿ ನೆಲೆಸಬಯಸುವವರಿಗೂ, ತೋಟದ ಮನೆ ಬಿಟ್ಟು ಮಕ್ಕಳ ಓದಿಗಾಗಿ ಪಟ್ಟಣ ಸೇರುವವರಿಗೂ ಊರಂಚಿನ ಬಡಾವಣೆಗಳು ಆಕರ್ಷಕವಾಗಿ ಕಾಣುವುದು ಸಹಜ.

ಆದರೆ ಜನವರಿಯ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ನೋಡಿ ಮುಂಗಡ ಕೊಟ್ಟ ಮನೆ ಆಗಸ್ಟ್ ತಿಂಗಳ ನಡುರಾತ್ರಿಯಲ್ಲಿ ಬೇರೆಯೇ ಆಗಿರುತ್ತದೆ. ನಗರದವರು ಹೊಸ ಬಡಾವಣೆಯನ್ನು ಅಳೆಯುವುದು ಕಳ್ಳತನ, ನೆರೆಹೊರೆ, ನೀರಿನ ಸಂಪರ್ಕಗಳಿಂದ. ಕೊಡಗಿನಲ್ಲಿ ಇವುಗಳ ಜೊತೆಗೆ ಹೊಳೆ, ಬೆಟ್ಟದ ಇಳಿಜಾರು, ಕಾಡುಪ್ರಾಣಿ ಹಾಗೂ ಆಸ್ಪತ್ರೆಯ ದೂರ ಎಂಬ ನಾಲ್ಕು ಅಂಶಗಳು ಸೇರಿಕೊಳ್ಳುತ್ತವೆ. ವರ್ಷದ ಅತ್ಯಂತ ಕೆಟ್ಟ ದಿನದಲ್ಲಿ ಆ ಜಾಗ ಹೇಗಿರುತ್ತದೆ ಎಂಬುದನ್ನು ತಿಳಿಯುವುದೇ ಇಲ್ಲಿ ಸುರಕ್ಷತೆಯ ನಿಜವಾದ ಪರೀಕ್ಷೆ.

ಹೊಳೆ ಮತ್ತು ಗದ್ದೆ

ಗೋಣಿಕೊಪ್ಪಲಿನ ನಡುವೆ ಕೀರೆಹೊಳೆ ಹರಿಯುತ್ತದೆ. ಬೇಸಿಗೆಯಲ್ಲಿ ಅದು ಗಮನಕ್ಕೆ ಬಾರದಷ್ಟು ಸಣ್ಣದು. 2019ರ ಆಗಸ್ಟ್ ಮಳೆಯಲ್ಲಿ ಅದೇ ಹೊಳೆ ದಂಡೆ ಮೀರಿ ತಗ್ಗುಪ್ರದೇಶದ ಮನೆಗಳಿಗೆ ನೀರು ನುಗ್ಗಿಸಿತು. ಆ ದಿನಗಳಲ್ಲಿಯೇ ಸಿದ್ದಾಪುರದ ಸಮೀಪದ ಕರಡಿಗೋಡಿನಲ್ಲಿ ಕಾವೇರಿ ದಂಡೆಯ ಕುಟುಂಬಗಳು ಮನೆ ಕಳೆದುಕೊಂಡು ಪರಿಹಾರ ಕೇಂದ್ರ ಸೇರಿದವು.

ಕೊಡಗಿನ ಗದ್ದೆಗಳು ಭತ್ತ ಬೆಳೆಯುವ ನೆಲವಷ್ಟೇ ಅಲ್ಲ. ಸುತ್ತಲಿನ ದಿಣ್ಣೆಗಳಿಂದ ಇಳಿದ ಮಳೆನೀರು ನಿಂತು, ಇಂಗಿ, ನಿಧಾನವಾಗಿ ಹೊಳೆ ಸೇರುವ ಜಾಗವೂ ಹೌದು. ಗದ್ದೆಗೆ ಮಣ್ಣು ತುಂಬಿ ನಿವೇಶನ ಮಾಡಿದರೆ ನೀರು ಮಾಯವಾಗುವುದಿಲ್ಲ, ಪಕ್ಕದ ಮನೆಯ ಅಂಗಳ ಸೇರುತ್ತದೆ. ಆದ್ದರಿಂದ ನಿವೇಶನ ಮೊದಲು ಗದ್ದೆಯಾಗಿತ್ತೇ, ನೀರು ಹರಿಯುತ್ತಿದ್ದ ತೋಡು ಈಗ ಎಲ್ಲಿದೆ, 2018 ಮತ್ತು 2019ರಲ್ಲಿ ಗೋಡೆಯ ಯಾವ ಮಟ್ಟಕ್ಕೆ ನೀರು ಬಂದಿತ್ತು ಎಂದು ಕೇಳಬೇಕು. ಮಾರುವವರಿಗಿಂತ ಹತ್ತಿರದ ಅಂಗಡಿಯವರು, ಹಾಲು ಹಾಕುವವರು, ಬಾಡಿಗೆದಾರರು ಹೆಚ್ಚು ನಿಖರವಾದ ಉತ್ತರ ಕೊಡುತ್ತಾರೆ. ಗೋಡೆಯ ಬುಡದಲ್ಲಿ ಹೊಸದಾಗಿ ಬಳಿದ ಬಣ್ಣವನ್ನೂ ಗಮನಿಸಬೇಕು.

ಬೆಟ್ಟದ ಇಳಿಜಾರು

ಎತ್ತರದ ಜಾಗ ಹೊಳೆಯ ನೀರಿನಿಂದ ಪಾರಾಗಬಹುದು, ಅದರಿಂದಲೇ ಸುರಕ್ಷಿತವೆನ್ನಲಾಗದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಮೊದಲಾದೆಡೆ ಗುಡ್ಡಗಳು ಕುಸಿದು ಸಾವುನೋವು ಸಂಭವಿಸಿತು. 2019ರಲ್ಲಿ ವಿರಾಜಪೇಟೆ ಬಳಿಯ ತೋರ ಗ್ರಾಮದಲ್ಲಿ ಮನೆಗಳು ಮಣ್ಣಿನಡಿ ಹೂತುಹೋದವು. ಅದೇ ಮಳೆಗಾಲದಲ್ಲಿ ವಿರಾಜಪೇಟೆ ಪಟ್ಟಣಕ್ಕೆ ಅಂಟಿಕೊಂಡ ಮಲೆತಿರಿಕೆ ಬೆಟ್ಟದಲ್ಲಿ ಬಿರುಕು ಕಾಣಿಸಿಕೊಂಡು ನಿವಾಸಿಗಳನ್ನು ಸ್ಥಳಾಂತರಿಸಬೇಕಾಯಿತು. ಗೋಣಿಕೊಪ್ಪಲಿನಿಂದ ವಿರಾಜಪೇಟೆ ಅರ್ಧ ಗಂಟೆಯ ಹಾದಿ.

ರಸ್ತೆ, ಮನೆ, ಹೋಂಸ್ಟೇಗಳಿಗಾಗಿ ಇಳಿಜಾರನ್ನು ಕಡಿದದ್ದು ಈ ಕುಸಿತಗಳಿಗೆ ಒಂದು ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು. ಮನೆಯ ಹಿಂದೆ ಜೆಸಿಬಿಯಿಂದ ನೇರವಾಗಿ ಕಡಿದ ಮಣ್ಣಿನ ಗೋಡೆ ಇದ್ದರೆ ಅದಕ್ಕೆ ತಡೆಗೋಡೆ ಇದೆಯೇ, ತಡೆಗೋಡೆಯಲ್ಲಿ ನೀರು ಹೊರಬರಲು ರಂಧ್ರಗಳಿವೆಯೇ, ಮೇಲಿನವರ ಮಳೆನೀರು ಎತ್ತ ಹರಿಯುತ್ತದೆ ಎಂದು ನೋಡಬೇಕು. ವಾಲಿದ ವಿದ್ಯುತ್ ಕಂಬ, ಬಾಗಿದ ಮರ, ನೆಲದಲ್ಲಿ ಉದ್ದನೆಯ ಬಿರುಕು, ಹೊಸದಾಗಿ ಒಸರುವ ನೀರು, ಇವೆಲ್ಲ ಮಣ್ಣು ಜಾರುತ್ತಿರುವುದರ ಲಕ್ಷಣಗಳು. ಭೂಕುಸಿತದ ಸಂಭವವನ್ನು ತೋರಿಸುವ ನಕ್ಷೆಗಳನ್ನು ಸರ್ವೇಕ್ಷಣಾ ಸಂಸ್ಥೆಯ 'ಭೂಕೋಶ' ಅಂತರ್ಜಾಲ ತಾಣದಲ್ಲಿ ನೋಡಬಹುದು.

ಆನೆ, ಹುಲಿ ಮತ್ತು ಮುಂಜಾನೆಯ ನಡಿಗೆ

ಗೋಣಿಕೊಪ್ಪಲಿನಿಂದ ಹುಣಸೂರಿನತ್ತ ಸಾಗಿದರೆ ತಿತಿಮತಿ, ಅದರಾಚೆ ನಾಗರಹೊಳೆಯ ಕಾಡು. ಕಾಡಿಗೂ ಪಟ್ಟಣಕ್ಕೂ ನಡುವೆ ಇರುವುದು ಕಾಫಿ ತೋಟ. ಮರದ ನೆರಳು, ಕೆರೆ, ಹಲಸು ಎಲ್ಲವೂ ಇರುವ ತೋಟ ಆನೆಗೆ ಕಾಡಿಗಿಂತ ಭಿನ್ನವಾಗಿ ತೋರುವುದಿಲ್ಲ. ಹಲಸು ಹಣ್ಣಾಗುವ ಕಾಲ ಮತ್ತು ಭತ್ತ ಬಲಿಯುವ ಕಾಲದಲ್ಲಿ ಆನೆಗಳ ಓಡಾಟ ಹೆಚ್ಚು. ಆನೆ ಹಾವಳಿ ತಡೆಯಲು ರಾಜ್ಯ ಸರ್ಕಾರ 2022ರಲ್ಲಿ ಕೊಡಗು ಸೇರಿದಂತೆ ಕೆಲವು ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ರಚಿಸಿತು. ಹುಲಿಯ ಭಯವೂ ಕಟ್ಟುಕಥೆಯಲ್ಲ. 2023ರ ಫೆಬ್ರುವರಿಯಲ್ಲಿ ಕುಟ್ಟದ ಬಳಿ ಒಂದೇ ಕುಟುಂಬದ ಇಬ್ಬರು ಒಂದು ದಿನದ ಅಂತರದಲ್ಲಿ ಹುಲಿ ದಾಳಿಗೆ ಬಲಿಯಾದರು.

ಪಟ್ಟಣದ ಪೇಟೆಬೀದಿಗೂ ತೋಟಕ್ಕೆ ಹೊಂದಿದ ಬಡಾವಣೆಗೂ ಈ ವಿಷಯದಲ್ಲಿ ಬಹಳ ಅಂತರವಿದೆ. ಮನೆಯಿಂದ ಮುಖ್ಯರಸ್ತೆಯವರೆಗಿನ ದಾರಿಯಲ್ಲಿ ಬೀದಿದೀಪ ಉರಿಯುತ್ತದೆಯೇ, ಶಾಲೆಯ ವಾಹನ ಎಲ್ಲಿ ನಿಲ್ಲುತ್ತದೆ, ಬೆಳಗಿನ ಆರಕ್ಕೆ ಮುನ್ನ ಜನ ನಡೆದಾಡುತ್ತಾರೆಯೇ ಎಂಬ ಪ್ರಶ್ನೆಗಳು ಇಲ್ಲಿ ಜೀವದ ಪ್ರಶ್ನೆಗಳು. ಹಿಂದಿನ ವರ್ಷದಲ್ಲಿ ಆ ದಾರಿಯಲ್ಲಿ ಆನೆ ಕಂಡಿತ್ತೇ ಎಂದು ಅರಣ್ಯ ವಲಯ ಕಚೇರಿಯಲ್ಲಿ ವಿಚಾರಿಸಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಆಸ್ಪತ್ರೆಯ ದೂರ

2019ರ ಜೂನ್‌ನಲ್ಲಿ ಕೊಡಗಿಗೊಂದು ತುರ್ತು ಚಿಕಿತ್ಸೆಯ ಸುಸಜ್ಜಿತ ಆಸ್ಪತ್ರೆ ಬೇಕೆಂದು ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನ ನಡೆಯಿತು. ಹೃದಯಾಘಾತ, ಅಪಘಾತಗಳಲ್ಲಿ ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಸಾಗಿಸುವಷ್ಟರಲ್ಲಿ ಕಾಲ ಮೀರುತ್ತದೆ ಎಂಬುದೇ ಅದರ ಅಳಲು. ಗೋಣಿಕೊಪ್ಪಲಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವೂ ಖಾಸಗಿ ಆಸ್ಪತ್ರೆಯೂ ಇವೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ನಡೆಯುತ್ತಿದೆ. ಆದರೂ ಗಂಭೀರ ಪ್ರಕರಣಗಳಲ್ಲಿ ಸುಮಾರು 90 ಕಿ.ಮೀ. ದೂರದ ಮೈಸೂರೇ ಅನೇಕರಿಗೆ ಗತಿ. ಜಿಲ್ಲೆಯಲ್ಲಿ ರೈಲಿಲ್ಲ. ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವ ಹಿರಿಯರೊಂದಿಗೆ ಬರುವವರು ತಮಗೆ ಬೇಕಾದ ತಜ್ಞರು, ಡಯಾಲಿಸಿಸ್, ರಾತ್ರಿ ಔಷಧದಂಗಡಿ ಎಲ್ಲಿ ಸಿಗುತ್ತವೆ ಎಂಬುದನ್ನು ಮನೆ ನೋಡುವುದಕ್ಕೂ ಮೊದಲೇ ತಿಳಿದುಕೊಳ್ಳಬೇಕು.

ಕಳ್ಳತನ, ನೆರೆಹೊರೆ, ವಿದ್ಯುತ್

ಸುಪ್ರೀಂ ಕೋರ್ಟಿನ 2016ರ ಆದೇಶದಂತೆ, ಸೂಕ್ಷ್ಮ ಪ್ರಕರಣಗಳ ಹೊರತು ಉಳಿದ ಎಫ್‌ಐಆರ್‌ಗಳನ್ನು ಪೊಲೀಸರು ಅಂತರ್ಜಾಲದಲ್ಲಿ ಪ್ರಕಟಿಸಬೇಕು. ಕೆಲವು ತಿಂಗಳ ಎಫ್‌ಐಆರ್‌ಗಳನ್ನು ಓದಿದರೆ ಆ ಠಾಣೆಯ ವ್ಯಾಪ್ತಿಯಲ್ಲಿ ಯಾವ ಬಗೆಯ ಅಪರಾಧ ಹೆಚ್ಚೆಂಬುದು ತಿಳಿಯುತ್ತದೆ. ಕೊಡಗಿನಲ್ಲಿ ಒಣಹಾಕಿದ ಕಾಫಿ ಮತ್ತು ಮೆಣಸು ಕಳ್ಳರ ಕಣ್ಣಿಗೆ ಬೀಳುವಂತೆಯೇ ಬೀಗ ಹಾಕಿದ ಒಂಟಿ ಮನೆಯೂ ಬೀಳುತ್ತದೆ. ವರ್ಷದಲ್ಲಿ ಕೆಲವೇ ವಾರ ವಾಸಿಸುವವರು ಅಕ್ಕಪಕ್ಕದ ಮನೆಗಳು ತುಂಬಿರುವ ಬೀದಿಯನ್ನೇ ಆರಿಸುವುದು ಲೇಸು. ಪಕ್ಕದಲ್ಲಿ ಹೋಂಸ್ಟೇ ಇದ್ದರೆ ಶನಿವಾರ ರಾತ್ರಿ ಒಮ್ಮೆ ಹೋಗಿ ಬರಬೇಕು.

ಮಳೆಗಾಳಿಗೆ ಮರ ಬಿದ್ದು ವಿದ್ಯುತ್ ತಂತಿ ಹರಿಯುವುದು ಇಲ್ಲಿ ಪ್ರತಿ ಮಳೆಗಾಲದ ಮಾತು. ವಿದ್ಯುತ್ ಹೋದರೆ ಕೊಳವೆಬಾವಿಯ ನೀರೂ ನಿಲ್ಲುತ್ತದೆ, ಮೊಬೈಲ್ ಸಂಕೇತವೂ ಕೈಕೊಡಬಹುದು. ತೆರೆದ ಬಾವಿ ಇರುವ ಮನೆಗೆ ಆಗ ಬೆಲೆ ಬರುತ್ತದೆ.

ಕಾಗದಪತ್ರ

ಕೊಡಗಿನಲ್ಲಿ ಜಮ್ಮಾ ಹಿಡುವಳಿಯ ಭೂಮಿಗೆ ಕುಟುಂಬದ ಅನೇಕರು ಹಕ್ಕುದಾರರಾಗಿರುವುದುಂಟು. ಪಹಣಿ, ಋಣಭಾರ ಪತ್ರಗಳ ಜೊತೆಗೆ ಹಕ್ಕುದಾರರೆಲ್ಲರ ಒಪ್ಪಿಗೆ, ಭೂಪರಿವರ್ತನೆಯ ಆದೇಶ ಹಾಗೂ ಗ್ರಾಮೀಣ ಪ್ರದೇಶವಾದರೆ ಇ–ಸ್ವತ್ತು ನಮೂನೆಗಳನ್ನು ಸ್ಥಳೀಯ ವಕೀಲರಿಂದ ಪರಿಶೀಲಿಸಿಕೊಳ್ಳಬೇಕು. 500 ಚದರ ಮೀಟರ್ ಮೀರಿದ ಹೊಸ ಬಡಾವಣೆಯಾದರೆ ರೇರಾ ನೋಂದಣಿಯನ್ನು ಕೇಳಬೇಕು. ಪರಿವರ್ತನೆಯ ಆದೇಶವು ಆ ನೆಲ ಹಿಂದೆ ಏನಾಗಿತ್ತೆಂಬುದನ್ನೂ ತಿಳಿಸುತ್ತದೆ. ಗದ್ದೆಯಾಗಿದ್ದರೆ ಮೇಲಿನ ಪ್ರಶ್ನೆಗಳನ್ನು ಮತ್ತೊಮ್ಮೆ ಕೇಳಿಕೊಳ್ಳಬೇಕು.

ನಿರ್ಧಾರಕ್ಕೆ ಮುನ್ನ

* ಕಕ್ಕಡ ಮಾಸದಲ್ಲಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದೊಳಗೆ, ಸುರಿವ ಮಳೆಯಲ್ಲಿ ಒಮ್ಮೆ ಮನೆ ನೋಡುವುದು.
* ರಾತ್ರಿ ಒಂಬತ್ತರ ನಂತರ ಮುಖ್ಯರಸ್ತೆಯಿಂದ ಮನೆಯವರೆಗಿನ ದಾರಿಯನ್ನು ವಾಹನದಲ್ಲಿ ಹೋಗಿ ನೋಡುವುದು.
* ಮನೆಯಿಂದ ಆಸ್ಪತ್ರೆಗೆ ತಗಲುವ ಸಮಯವನ್ನು ಮಳೆಯ ದಿನ ಲೆಕ್ಕ ಹಾಕುವುದು.
* ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿರುವ ಕನಿಷ್ಠ ಮೂರು ಮನೆಯವರೊಡನೆ ಮಾತನಾಡುವುದು.

ಅವಸರವಿಲ್ಲದವರಿಗೆ ಇನ್ನೂ ಉತ್ತಮವಾದ ದಾರಿಯೊಂದಿದೆ. ಅದೇ ಬಡಾವಣೆಯಲ್ಲಿ ಜೂನ್‌ನಿಂದ ಮೇ ತಿಂಗಳವರೆಗೆ ಬಾಡಿಗೆಗೆ ಇದ್ದು ನೋಡುವುದು. ಒಂದು ವರ್ಷದ ಬಾಡಿಗೆ ಹಣ ಹೋದರೂ, ಜೀವಮಾನದ ಉಳಿತಾಯ ತಪ್ಪು ನೆಲದಲ್ಲಿ ಹೂತುಹೋಗುವುದು ತಪ್ಪುತ್ತದೆ. ಮಳೆಗಾಲ ಕಳೆದ ಮೇಲೂ ಮನಸ್ಸು ಅಲ್ಲಿಯೇ ನಿಂತರೆ ಆಗ ಮುಂಗಡ ಕೊಡಬಹುದು.