ಗದಗದ ಹತ್ತಿಯೂ ಕಡಲಿನ ಕಾಯಿದೆಯೂ

ಗದಗ-ಬೆಟಗೇರಿಯ ಎರೆಭೂಮಿಯ ಹತ್ತಿಯು ಮುಂಬಯಿಯಲ್ಲಿಯೂ ಅದರಾಚೆಯ ಇಂಗ್ಲೆಂಡಿನಲ್ಲಿಯೂ ಕುಮಟಾ ಹತ್ತಿಯೆಂದೇ ಖ್ಯಾತವಾದುದು ಅದು ಕುಮಟೆಯ ಬಂದರಿನಿಂದ ಹಡಗನ್ನೇರುತ್ತಿದ್ದ ಕಾರಣದಿಂದ. ಗದಗ, ಮುಂಡರಗಿಗಳು ಬ್ರಿಟಿಷರ ಧಾರವಾಡ ಜಿಲ್ಲೆಯವು. ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು. ಆಳುವವರು ಹೀಗೆ ಬೇರೆ ಬೇರೆಯಾಗಿದ್ದರೂ ಈ ನಾಡಿನ ಹತ್ತಿಯ ಅಂಡಿಗೆಗಳು ಶಿರಸಿಯ ಮೇಲಿಂದ ದೇವಿಮನೆ ಘಟ್ಟವನ್ನಿಳಿದು ಒಂದೇ ಕಡಲನ್ನು ಸೇರುತ್ತಿದ್ದುವು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಈ ದಾರಿಗೆ ಅಪೂರ್ವವಾದ ಮಹತ್ತ್ವವೊದಗಿತು. 1862ರಲ್ಲಿ ಕುಮಟೆಯಿರುವ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದುದೂ ಆ ದಿನಗಳಲ್ಲಿಯೇ.

ಕುಮಟೆಯಿಂದ ಮುಂದೆ ಹತ್ತಿಯನ್ನು ಹೊತ್ತವು ಪತ್ತೆಮಾರಿಗಳು, ಮಚವೆಗಳು. ಮಳೆಗಾಲದಲ್ಲಿ ಈ ಹಾಯಿಹಡಗುಗಳ ಸಂಚಾರ ನಿಲ್ಲುತ್ತಿದ್ದಿತು. ಆದುದರಿಂದ ಇಡೀ ವರುಷದ ವ್ಯಾಪಾರವು ಕೆಲವೇ ತಿಂಗಳುಗಳಲ್ಲಿ ಮುಗಿಯಬೇಕಾಗಿದ್ದಿತು. ಅವಸರವಿದ್ದಲ್ಲಿ ಅತಿಭಾರದ ಆಸೆಯೂ ಇರುವುದು. ಹತ್ತಿಯ ವಿಷಯದಲ್ಲಂತೂ ಅಪಾಯವು ಕಣ್ಣಿಗೆ ಬೀಳದ ಬಗೆಯದು: ತೂಕ ಕಡಿಮೆ, ಗಾತ್ರ ಹೆಚ್ಚು. ಸಡಿಲವಾಗಿ ತುಂಬಿದ ಅಂಡಿಗೆಗಳಿಂದ ಹಡಗಿನ ಒಡಲು ತುಂಬಿದರೂ ಅದು ನೀರಿನಲ್ಲಿ ಹೆಚ್ಚು ಮುಳುಗದು. ಇನ್ನೂ ಜಾಗವಿದೆಯೆಂದು ಮೇಲ್ಗಡೆ ಎತ್ತರವಾಗಿ ಒಟ್ಟಿದರೆ ಭಾರಕೇಂದ್ರವು ಮೇಲಕ್ಕೇರಿ, ಒಂದು ಬಿರುಗಾಳಿಗೇ ಹಡಗು ಮಗುಚುವ ಸಂಭವವುಂಟು.

ಅತಿಭಾರದ ವಿರುದ್ಧ ಇಂಗ್ಲೆಂಡಿನಲ್ಲಿ ಸ್ಯಾಮ್ಯುಯಲ್ ಪ್ಲಿಮ್‌ಸಾಲನು ನಾವಿಕರ ಪ್ರಾಣರಕ್ಷಣೆಗಾಗಿ ಹೋರಾಡಿದುದರ ಫಲವಾಗಿ 1876ರ ಕಾಯಿದೆಯು ಹಡಗು ಎಲ್ಲಿಯವರೆಗೆ ಮುಳುಗಬಹುದೆಂದು ತೋರಿಸುವ ಭಾರರೇಖೆಯನ್ನು ಅದರ ಪಕ್ಕದ ಮೇಲೆ ಕಡ್ಡಾಯಗೊಳಿಸಿತು. ಆದರೆ ಅದನ್ನು ಎಲ್ಲಿ ಎಳೆಯಬೇಕೆಂಬುದನ್ನು ಮಾಲಿಕನ ಇಚ್ಛೆಗೆ ಬಿಟ್ಟಿತು. ಆ ಲೋಪ ತೀರಿದುದು 1890ರಲ್ಲಿ. ರೇಖೆ ಸರಿಯಾದ ಸ್ಥಾನದಲ್ಲಿದ್ದರೂ ಅದು ಅಳೆಯುವುದು ಮುಳುಗಿದ ಆಳವನ್ನು. ಮೇಲಕ್ಕೆ ಒಟ್ಟಿದ ಹತ್ತಿಯ ಕೇಡು ಅದಕ್ಕೆ ತಿಳಿಯದು. ಆದುದರಿಂದಲೇ ಭಾರತದ 1958ರ ವ್ಯಾಪಾರಿ ನೌಕಾ ಕಾಯಿದೆಯಲ್ಲಿ ಸಮುದ್ರಯಾನಕ್ಕೆ ಅಯೋಗ್ಯವಾದ ಹಡಗು ಯಾವುದೆಂದು ಕೊಟ್ಟಿದ್ದ ವ್ಯಾಖ್ಯಾನವು ನನಗೆ ಅತ್ಯಂತ ಶ್ಲಾಘ್ಯವೆನಿಸುತ್ತದೆ. ಹಡಗನ್ನು ಕಟ್ಟಿದ ಸಾಮಗ್ರಿ, ಅದರ ರಚನೆ, ಕಪ್ತಾನನ ಅರ್ಹತೆ, ನಾವಿಕರ ಸಂಖ್ಯೆ ಮತ್ತು ಯೋಗ್ಯತೆ, ಒಡಲಿನ ಸ್ಥಿತಿ, ಯಂತ್ರೋಪಕರಣಗಳು ಇವುಗಳೊಡನೆ ಸರಕಿನ ತೂಕ, ಜಾತಿ ಮತ್ತು ಜೋಡಣೆಯನ್ನೂ ಅದು ಎಣಿಕೆಗೆ ತಂದಿತ್ತು. ಇವುಗಳಲ್ಲಿ ಯಾವೊಂದರ ಕೊರತೆಯಿಂದಲಾದರೂ ಉದ್ದೇಶಿಸಿದ ಯಾನಕ್ಕೆ ಹಡಗು ಎಲ್ಲ ವಿಧದಲ್ಲಿಯೂ ಸಮರ್ಥವಾಗಿರದಿದ್ದರೆ ಅದು ಅಯೋಗ್ಯವೆನಿಸುತ್ತಿದ್ದಿತು.

ಆದೊಡೆ ಅದೇ ಕಾಯಿದೆಯ ಪ್ರಕಾರ ‘ಹಡಗು’ ಎಂಬ ಪದದಲ್ಲಿ ಹಾಯಿಹಡಗು ಅಡಗಿರಲಿಲ್ಲ. ಹಾಯಿಯೊಂದರಿಂದಲೇ ಸಾಗಲು ಸಾಕಾಗುವಷ್ಟು ಪಟವಿದ್ದರೆ, ಯಂತ್ರವಿರಲಿ ಬಿಡಲಿ, ಅದು ಹಾಯಿಹಡಗೆನಿಸುತ್ತಿದ್ದಿತು; ಹುಟ್ಟು ಹಾಕುವ ದೋಣಿಯೂ ಆ ವರ್ಗಕ್ಕೆ ಸೇರಿದ್ದಿತು. ಹೀಗೆ ಹೊರಗಿಟ್ಟುದು ಅನಾದರದಿಂದಲ್ಲ: ನೋಂದಣಿ, ಅತಿಭಾರದ ನಿಷೇಧ, ತಪಾಸಣೆಯ ಪ್ರಮಾಣಪತ್ರ ಇವೆಲ್ಲವುಗಳಿಗೆ ಹಾಯಿಹಡಗುಗಳಿಗಾಗಿಯೇ ಪ್ರತ್ಯೇಕವಾದ ಭಾಗವೊಂದನ್ನು ಅದರಲ್ಲಿ ರಚಿಸಿದ್ದರು. ಪತ್ತೆಮಾರಿಯನ್ನು ನಡೆಸುವ ತಂಡೇಲನನ್ನು ಉಗಿಹಡಗಿನ ಕಪ್ತಾನನ ಅಳತೆಯಿಂದ ಅಳೆಯದಿದ್ದುದು ನ್ಯಾಯವೆಂದೇ ನನ್ನ ಭಾವನೆ. ಆದರೆ ಆ ನ್ಯಾಯವು ಒದಗುವುದಕ್ಕೆ ಎಷ್ಟೋ ಮುಂಚೆ, 1884ರಲ್ಲಿಯೇ, ಹೋಟಗಿಯಿಂದ ಗದಗಕ್ಕೆ ರೈಲು ಬಂದಿದ್ದಿತು. ಕುಮಟೆಯ ದಾರಿಯ ಹತ್ತಿಯು ಕ್ರಮೇಣ ಅದರ ಪಾಲಾಯಿತು.