ಕ್ಲಸ್ಟರ್ ಅಂದ್ರೆ ಏನು? ಒಬ್ಬರ ಕೈಗೆ ಎಟುಕದ ಮಷೀನು ಇಪ್ಪತ್ತು ಜನಕ್ಕೆ ಎಟುಕೋದು ಹೇಗೆ?

ಚನ್ನಪಟ್ಟಣ: ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋದ್ರೂ, ಬ್ಯಾಂಕಿಗೆ ಹೋದ್ರೂ ಈಗ ‘ಕ್ಲಸ್ಟರ್’ ಅನ್ನೋ ಮಾತು ಕಿವಿಗೆ ಬೀಳುತ್ತೆ. ಬೊಂಬೆ ಕೆಲಸದವರು, ರೇಷ್ಮೆ ರೀಲರ್‌ಗಳು, ಅಂಗಡಿಯವರು ಎಲ್ಲರೂ ಈ ಮಾತು ಕೇಳಿರ್ತಾರೆ. ಆದರೆ ಕ್ಲಸ್ಟರ್ ಅಂದ್ರೆ ನಿಜಕ್ಕೂ ಏನು, ಅದರಿಂದ ಯಾರಿಗೆ ಏನು ಸಿಗುತ್ತೆ, ಎಲ್ಲಿ ಎಡವುತ್ತೆ? ನಮ್ಮೂರಿನ ಬೊಂಬೆ ಕಸುಬನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇವೆ.

ಕ್ಲಸ್ಟರ್ ಅಂದ್ರೆ

ಒಂದೇ ಕಸುಬಿನ ಸಣ್ಣ ಸಣ್ಣ ಘಟಕಗಳು ಒಂದೇ ಊರಲ್ಲಿ ಅಥವಾ ಅಕ್ಕಪಕ್ಕದ ಊರುಗಳಲ್ಲಿ ಗುಂಪಾಗಿ ಇದ್ದರೆ ಅದು ಕ್ಲಸ್ಟರ್. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲೇ ಇಂಥ ಊರುಗಳ ಬಗ್ಗೆ ಬರೆದಿದ್ದರು. ಚಾಕು, ಕತ್ತರಿಗೆ ಹೆಸರಾದ ಶೆಫೀಲ್ಡ್ ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು. ‘ಕ್ಲಸ್ಟರ್’ ಅನ್ನೋ ಪದ ಎಲ್ಲೆಡೆ ಓಡಾಡಿದ್ದು 1990ರ ನಂತರ, ಅಮೆರಿಕದ ಮೈಕೆಲ್ ಪೋರ್ಟರ್ ಅವರಿಂದ.

ನಮ್ಮ ಚನ್ನಪಟ್ಟಣ ಹುಟ್ಟಿನಿಂದಲೇ ಕ್ಲಸ್ಟರ್. ಒಬ್ಬರು ಹಾಲೆ ಮರ ತರ್ತಾರೆ, ಒಬ್ಬರು ಲೇತ್ ಮೇಲೆ ಕಡೀತಾರೆ. ತಿರುಗುತ್ತಿರೋ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೇ ಅರಗು ಕರಗಿ ಅಂಟುತ್ತೆ. ಆಮೇಲೆ ತಾಳೆಗರಿ ಹಿಡಿದು ಹೊಳಪು ಕೊಡ್ತಾರೆ. ಇನ್ನೊಬ್ಬರು ಜೋಡಿಸ್ತಾರೆ, ಮತ್ತೊಬ್ಬರು ಅಂಗಡಿಯಲ್ಲಿ ಮಾರ್ತಾರೆ. ಒಬ್ಬರ ಕೆಲಸ ನಿಂತರೆ ಇನ್ನೊಬ್ಬರದ್ದೂ ನಿಲ್ಲುತ್ತೆ.

ಆದರೆ ಒಂದೇ ಬೀದಿಯಲ್ಲಿ ಇರೋದು ಬೇರೆ, ಒಟ್ಟಿಗೆ ಸೇರಿ ಕೆಲಸ ಮಾಡೋದು ಬೇರೆ. ಬೆಲೆ ವಿಚಾರಕ್ಕೆ ಪಕ್ಕದ ಮನೆಯವರೇ ಪೈಪೋಟಿ. ಆ ಪೈಪೋಟಿ ಇರಲಿ, ಅದು ವ್ಯಾಪಾರ. ಕೆಲವು ಕೆಲಸಗಳನ್ನು ಮಾತ್ರ ಒಬ್ಬೊಬ್ಬರೇ ಮಾಡೋಕೆ ಆಗೋದೇ ಇಲ್ಲ.

ಒಬ್ಬರಿಂದ ಆಗದ ಕೆಲಸ ಯಾವುದು?

* ಮರ ಒಣಗಿಸೋದು: ಹಸಿ ಮರದಲ್ಲಿ ಕಡೆದ ಬೊಂಬೆ ಆಮೇಲೆ ಬಿರುಕು ಬಿಡುತ್ತೆ. ನೆರಳಲ್ಲಿ ಒಣಗಿಸೋಕೆ ತಿಂಗಳುಗಟ್ಟಲೆ ಬೇಕು, ಮಳೆಗಾಲದಲ್ಲಿ ಇನ್ನೂ ತಡ. ಒಣಗಿಸುವ ಯಂತ್ರ ಇದ್ದರೆ ಆರ್ಡರ್ ಬಂದಾಗ ಮರ ರೆಡಿ ಇರುತ್ತೆ.
* ಒಂದೇ ಅಳತೆ: ಹೊರಗಿನ ದೊಡ್ಡ ಆರ್ಡರ್‌ಗೆ ಸಾವಿರ ಪೀಸ್ ಒಂದೇ ಅಳತೆ ಇರಬೇಕು. ಅದಕ್ಕೆ ಕಂಪ್ಯೂಟರ್ ಲೇತ್ ಸಹಾಯ ಬೇಕಾಗುತ್ತೆ.
* ಪರೀಕ್ಷೆ: ಮಕ್ಕಳು ಬಾಯಿಗೆ ಇಟ್ಟುಕೊಳ್ಳೋ ವಸ್ತು. ಬಣ್ಣದಲ್ಲಿ ಸೀಸದಂಥ ಲೋಹ ಇದೆಯಾ, ಬಿದ್ದರೆ ಚೂಪಾದ ಚೂರು ಏಳುತ್ತಾ ಅಂತ ನೋಡಬೇಕು. ಇದಕ್ಕೆ ಪ್ರಯೋಗಾಲಯ ಬೇಕು.
* ಮಾರಾಟ: ಒಳ್ಳೆ ಫೋಟೊ, ಕ್ಯಾಟಲಾಗ್, ಬಾರ್‌ಕೋಡ್, ಪ್ಯಾಕಿಂಗ್, ಆನ್‌ಲೈನ್ ಆರ್ಡರ್ ನೋಡಿಕೊಳ್ಳೋ ಒಬ್ಬ ಹುಡುಗ ಅಥವಾ ಹುಡುಗಿ.

ಲೆಕ್ಕಕ್ಕೆ ಅಂತ ಒಂದು ಮಷೀನಿಗೆ 12 ಲಕ್ಷ ರೂಪಾಯಿ ಅಂದುಕೊಳ್ಳಿ. ಒಬ್ಬರೇ ತಂದರೆ ಸಾಲ ತೀರಿಸೋದ್ರಲ್ಲೇ ಸುಸ್ತು, ಮಷೀನು ಅರ್ಧ ದಿನ ಖಾಲಿ ಕೂತಿರುತ್ತೆ. 20 ಜನ ಸೇರಿದರೆ ತಲೆಗೆ 60 ಸಾವಿರ, ಮಷೀನಿಗೂ ದಿನಪೂರ್ತಿ ಕೆಲಸ. ಹೀಗೆ ಎಲ್ಲರೂ ಬಳಸೋ ಜಾಗಕ್ಕೆ ಸರ್ಕಾರಿ ಭಾಷೆಯಲ್ಲಿ ‘ಸಾಮಾನ್ಯ ಸೌಲಭ್ಯ ಕೇಂದ್ರ’, ಅಂದ್ರೆ ಸಿಎಫ್‌ಸಿ ಅಂತಾರೆ. ಚನ್ನಪಟ್ಟಣಕ್ಕೆ ಈ ಯೋಚನೆ ಹೊಸದೇನಲ್ಲ. ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಲ್ಯಾಕರ್‌ವೇರ್ ಕ್ರಾಫ್ಟ್ ಕಾಂಪ್ಲೆಕ್ಸ್ ಕೂಡ ಒಂದೇ ಕಡೆ ಹಲವು ಲೇತ್ ಹಾಕಿ ಶುರುವಾಗಿದ್ದು.

ಈಗಲೇ ಯಾಕೆ ಬೇಕು?

ಎರಡು ಕಾರಣ. ಮೊದಲನೆಯದು ಕಾನೂನು. ಕೇಂದ್ರ ಸರ್ಕಾರದ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2020ರಲ್ಲಿ ಬಂತು, 2021ರ ಜನವರಿ 1ರಿಂದ ಜಾರಿಯಲ್ಲಿದೆ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅಭಿವೃದ್ಧಿ ಆಯುಕ್ತರ (ಕರಕುಶಲ) ಕಚೇರಿಯಲ್ಲಿ ನೋಂದಣಿಯಾದ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗೆ ವಿನಾಯ್ತಿ ಇದೆ. ಚನ್ನಪಟ್ಟಣದ ಬೊಂಬೆಗೆ ಜಿಐ ಟ್ಯಾಗ್ ಇರೋದ್ರಿಂದ, ಅದರ ಅಧಿಕೃತ ಬಳಕೆದಾರರಾಗಿ ನೋಂದಣಿ ಮಾಡಿಸಿದವರಿಗೂ ವಿನಾಯ್ತಿ ಇದೆ.

ಇಲ್ಲಿ ಗಮನಿಸಿ: ವಿನಾಯ್ತಿ ಸಿಗೋದು ನೋಂದಣಿ ಆದವರಿಗೆ. ಊರಿಗೆ ಜಿಐ ಇದೆ ಅಂದಮಾತ್ರಕ್ಕೆ ಇಲ್ಲಿ ಬೊಂಬೆ ಮಾಡೋ ಎಲ್ಲರಿಗೂ ಸಿಕ್ಕಿಬಿಡಲ್ಲ. ವಿನಾಯ್ತಿ ಇದ್ದರೂ ಹೊರದೇಶದ ಖರೀದಿದಾರರು ಪರೀಕ್ಷೆ ರಿಪೋರ್ಟ್ ಕೇಳೇ ಕೇಳ್ತಾರೆ. ಆ ರಿಪೋರ್ಟ್ ಖರ್ಚು ಒಂದು ಸಣ್ಣ ಮನೆ ಘಟಕಕ್ಕೆ ಭಾರ, ಗುಂಪಿಗೆ ಅಷ್ಟು ಭಾರ ಅಲ್ಲ.

ಎರಡನೆಯದು ರಸ್ತೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಬೈಪಾಸ್ ಊರಿನ ಹೊರಗಿಂದ ಹೋಗುತ್ತೆ. ಹಳೇ ಹೆದ್ದಾರಿ ಬದಿಯ ಬೊಂಬೆ ಅಂಗಡಿ ಮುಂದೆ ನಿಲ್ತಿದ್ದ ಕಾರುಗಳು ಕಮ್ಮಿ ಆದವು. ಗಿರಾಕಿ ಅಂಗಡಿಗೆ ಬರದಿದ್ದರೆ ಅಂಗಡಿಯೇ ಗಿರಾಕಿಯ ಮೊಬೈಲಿಗೆ ಹೋಗಬೇಕು. ಒಬ್ಬೊಬ್ಬರೇ ವೆಬ್‌ಸೈಟ್ ಮಾಡಿ ನಡೆಸೋದು ಕಷ್ಟ, ಎಲ್ಲರಿಗೂ ಸೇರಿ ಒಂದು ಮಾಡಬಹುದು.

ಬೇರೆ ಊರಲ್ಲಿ ಏನಾಯ್ತು?

ಬೆಳಗಾವಿಯಲ್ಲಿ ಎರಕದ ಕಾರ್ಖಾನೆಯವರು ಕ್ಲಸ್ಟರ್ ಮಾಡಿಕೊಂಡು, ಬಳಸಿದ ಮರಳನ್ನು ಮತ್ತೆ ಬಳಸುವಂತೆ ಮಾಡೋ ಸೌಲಭ್ಯವನ್ನ ಒಟ್ಟಾಗಿ ಹೊಂದಿದ್ದಾರೆ.

ತಮಿಳುನಾಡಿನ ತಿರುಪ್ಪೂರು ಇನ್ನೊಂದು ಪಾಠ. ಬಣ್ಣದ ನೀರು ನೊಯ್ಯಲ್ ನದಿ ಸೇರ್ತಿದ್ದ ಕಾರಣಕ್ಕೆ, ಹೊಲಸು ನೀರು ಹೊರಬಿಡಬಾರದು ಅನ್ನೋ ನಿಯಮ ಪಾಲಿಸದ ಡೈಯಿಂಗ್ ಘಟಕಗಳನ್ನು ಮುಚ್ಚಿ ಅಂತ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಆದೇಶಿಸಿತು. ಅಲ್ಲಿನ ಸಾಮೂಹಿಕ ಶುದ್ಧೀಕರಣ ಘಟಕಗಳೂ ಆ ಆದೇಶಕ್ಕೆ ಸಿಕ್ಕವು. ಜಂಟಿ ತಂತ್ರಜ್ಞಾನ ಸರಿಯಾಗಿಲ್ಲದಿದ್ದರೆ ಒಬ್ಬನ ಅಂಗಡಿ ಅಲ್ಲ, ಊರಿನ ಕಸುಬೇ ನಿಲ್ಲುತ್ತೆ ಅನ್ನೋದು ಅವತ್ತು ಗೊತ್ತಾಯ್ತು.

ಸರ್ಕಾರದ ನೆರವು ಏನಿದೆ?

* ಎಂಎಸ್‌ಇ-ಸಿಡಿಪಿ: 2022ರ ಮಾರ್ಗಸೂಚಿ ಪ್ರಕಾರ ಸಿಎಫ್‌ಸಿಗೆ 5ರಿಂದ 10 ಕೋಟಿ ರೂ. ಯೋಜನೆಗೆ ಕೇಂದ್ರದಿಂದ ಶೇ 70, 10ರಿಂದ 30 ಕೋಟಿವರೆಗೆ ಶೇ 60 ಅನುದಾನ. ಉಳಿದದ್ದು ರಾಜ್ಯ ಮತ್ತು ಸದಸ್ಯರ ಪಾಲು.
* ಸ್ಫೂರ್ತಿ: ಸಾಂಪ್ರದಾಯಿಕ ಕಸುಬುಗಳಿಗೆ. 500 ಕುಶಲಕರ್ಮಿಗಳವರೆಗಿನ ಕ್ಲಸ್ಟರ್‌ಗೆ 2.5 ಕೋಟಿ ರೂ., ಅದಕ್ಕಿಂತ ದೊಡ್ಡದಕ್ಕೆ 5 ಕೋಟಿ ರೂ.ವರೆಗೆ.

ಎರಡಕ್ಕೂ ಸದಸ್ಯರೆಲ್ಲ ಸೇರಿ ಒಂದು ನೋಂದಾಯಿತ ಸಂಸ್ಥೆ ಮಾಡಿಕೊಂಡಿರಬೇಕು. ಅದನ್ನೇ ಎಸ್‌ಪಿವಿ ಅಂತಾರೆ.

ಎಡವೋದು ಎಲ್ಲಿ?

ಅನುದಾನದಲ್ಲಿ ಕಟ್ಟಡ ಏಳುತ್ತೆ, ಮಷೀನು ಬರುತ್ತೆ, ಟೇಪ್ ಕಟ್ ಆಗುತ್ತೆ. ಕರೆಂಟ್ ಬಿಲ್ ಮಾತ್ರ ಪ್ರತಿ ತಿಂಗಳು ಬರುತ್ತೆ. ಆಪರೇಟರ್‌ಗೆ ಸಂಬಳ ಯಾರು ಕೊಡ್ತಾರೆ, ಕೆಟ್ಟರೆ ರಿಪೇರಿ ಯಾರದ್ದು, ದಸರಾ ಸೀಸನ್ನಲ್ಲಿ ಯಾರ ಮಾಲು ಮೊದಲು? ಇದನ್ನು ಮೊದಲೇ ತೀರ್ಮಾನ ಮಾಡದಿದ್ದರೆ ಬಾಗಿಲಿಗೆ ಬೀಗ ಬೀಳುತ್ತೆ. ಅದಕ್ಕೇ ಮಷೀನು ಆರ್ಡರ್ ಮಾಡೋ ಮುಂಚೆ ಇವಿಷ್ಟನ್ನ ಬರವಣಿಗೆಯಲ್ಲಿ ಇಟ್ಟುಕೊಳ್ಳಿ:

1. ಗಂಟೆಗೆ ಅಥವಾ ಪೀಸ್‌ಗೆ ಬಾಡಿಗೆ ಎಷ್ಟು. ಪುಕ್ಕಟೆ ಬೇಡ, ಪುಕ್ಕಟೆ ಮಷೀನು ಬೇಗ ಕೆಡುತ್ತೆ.
2. ಸರದಿ ಪುಸ್ತಕ ಎಲ್ಲರಿಗೂ ಕಾಣೋ ಹಾಗೆ. ಅಧ್ಯಕ್ಷರಿಗೂ ಅದೇ ಸಾಲು.
3. ಬಾಡಿಗೆ ಹಣದಲ್ಲಿ ಒಂದು ಪಾಲು ರಿಪೇರಿಗೆ ಬೇರೆ ಖಾತೆಯಲ್ಲಿ.
4. ಸದಸ್ಯರಲ್ಲದವರಿಗೆ, ಕೂಲಿಗೆ ಬಣ್ಣ ಹಾಕೋ ಹೆಣ್ಣುಮಕ್ಕಳಿಗೆ ಬಳಸೋ ಅವಕಾಶ ಹೇಗೆ ಅನ್ನೋದು.
5. ಒಬ್ಬರ ಡಿಸೈನು ಇನ್ನೊಬ್ಬರು ಕದಿಯದ ಹಾಗೆ ನಿಯಮ.

ಎಲ್ಲಿಂದ ಶುರು ಮಾಡೋದು?

ಮೊದಲು ಪ್ರತಿ ಘಟಕಕ್ಕೂ ಉದ್ಯಮ್ ನೋಂದಣಿ ಮಾಡಿಸಿ. ಆನ್‌ಲೈನ್‌ನಲ್ಲಿ ಉಚಿತ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಕುಶಲಕರ್ಮಿಗಳು ಗುರುತಿನ ಚೀಟಿ ಮತ್ತು ಜಿಐ ಬಳಕೆದಾರ ನೋಂದಣಿ ನೋಡಿಕೊಳ್ಳಿ. ಆಮೇಲೆ ಒಟ್ಟಿಗೆ ಕೂತು ‘ನಮಗೆಲ್ಲ ಬೇಕಾದ, ಆದರೆ ಒಬ್ಬರಿಗೂ ಕೊಳ್ಳೋಕಾಗದ ಒಂದು ಮಷೀನು ಯಾವುದು?’ ಅನ್ನೋದನ್ನ ಚರ್ಚಿಸಿ. ಉತ್ತರ ಒಂದೇ ಬಂದರೆ ಆ ಪಟ್ಟಿ ಹಿಡಿದು ಜಿಲ್ಲಾ ಕೈಗಾರಿಕಾ ಕೇಂದ್ರದ ಜಂಟಿ ನಿರ್ದೇಶಕರನ್ನ ಭೇಟಿ ಮಾಡಿ. ಬೇರೆ ಬೇರೆ ಬಂದರೆ ಇನ್ನೊಂದು ಸಲ ಕೂತು ಮಾತಾಡಿ, ಅರ್ಜಿ ಆಮೇಲೆ ಹಾಕಿದರೂ ಆಗುತ್ತೆ.